ಕಿಕ್ಕೇರಿಯ ಕವಿಗೆ 2063ರವರೆಗೆ ಬೀಗ

ಮೊನ್ನೆ ನೆಂಟರ ಮನೆ ಮದುವೆ. ಹಾಡು ಹಾಕಬೇಕಾದರೆ ‘ಮ್ಯೂಸಿಕ್ ಲೈಸೆನ್ಸ್’ ದುಡ್ಡು ಬೇರೆ ಕಟ್ಟಿ ಎಂದರು ಛತ್ರದವರು. ಹುಡುಗಿಯ ಅಪ್ಪ ಕಬ್ಬಿನ ಬಿಲ್ಲಿಗೆ ಕಾಯುತ್ತಿದ್ದ ಮನುಷ್ಯ, ಮಾತಾಡದೆ ಕೊಟ್ಟುಬಿಟ್ಟರು. ಕೊಡಬೇಕಿರಲಿಲ್ಲ. ಮದುವೆ ಮೆರವಣಿಗೆ, ಮದುವೆಯ ಸಂಭ್ರಮಗಳಲ್ಲಿ ಹಾಡು ಹಾಕಿದರೆ ಅದು ಉಲ್ಲಂಘನೆಯಲ್ಲ ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನೇ ಹೇಳುತ್ತದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರಕಟಣೆ ಹೊರಡಿಸಿ ಇದನ್ನೇ ಮತ್ತೊಮ್ಮೆ ನೆನಪಿಸಿತು. ಛತ್ರದ ನೋಟಿಸ್ ಬೋರ್ಡಿಗೆ ಮಾತ್ರ ಅದು ಇನ್ನೂ ಬಂದಿಲ್ಲ.

ಹಾಗಂತ ಕಾಯ್ದೆಯೇ ಬೇಡ ಎನ್ನುವವನು ನಾನಲ್ಲ. ಬರೆದವರಿಗೆ ದುಡ್ಡು ಬರಬೇಕು, ಬದುಕಿರುವಾಗಲೇ ಬರಬೇಕು. ನನ್ನ ತಕರಾರು ಇರುವುದು ಸತ್ತ ಮೇಲಿನ ಅವಧಿಯ ಬಗ್ಗೆ.

ಕೆ.ಎಸ್. ನರಸಿಂಹಸ್ವಾಮಿ ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದವರು. ‘ಮೈಸೂರು ಮಲ್ಲಿಗೆ’ ಬಂದದ್ದು 1942ರಲ್ಲಿ, ಕವಿ ತೀರಿಕೊಂಡದ್ದು 2003ರ ಡಿಸೆಂಬರ್ ಕೊನೆಯಲ್ಲಿ. ಕಾಯ್ದೆ ಲೇಖಕ ಸತ್ತ ಮರುವರ್ಷದಿಂದ 60 ವರ್ಷ ಎಣಿಸುತ್ತದೆ. ಅಂದರೆ 2063ರ ಕೊನೆಯವರೆಗೆ, ಪುಸ್ತಕ ಬಂದು 121 ವರ್ಷ! (ಇನ್ನೊಂದು ವಾರ ಬದುಕಿದ್ದರೆ ಮತ್ತೂ ಒಂದು ವರ್ಷ.) ಮೇಲುಕೋಟೆಯ ಪು.ತಿ.ನ. 1998ರಲ್ಲಿ ಹೋದರು; ಅವರದು 2058ಕ್ಕೆ ಬಿಡುಗಡೆ. ಹೊಸ ಔಷಧಿಯ ಪೇಟೆಂಟಿಗೆ ಇರುವುದು ಒಟ್ಟು 20 ವರ್ಷ.

ಈ 60 ಎಲ್ಲಿಂದ ಬಂತು? ಮೊದಲು 50 ಇತ್ತು. 1941ರಲ್ಲಿ ತೀರಿಕೊಂಡ ಠಾಗೋರರ ಕೃತಿಗಳ ಹಕ್ಕು 1991ಕ್ಕೆ ಮುಗಿಯುತ್ತದೆಂದು ಹತ್ತು ವರ್ಷ ಸೇರಿಸಿದರು. ಠಾಗೋರರದು 2001ಕ್ಕೆ ಮುಗಿದುಹೋಯಿತು. ಆ ಹತ್ತು ವರ್ಷ ಮಾತ್ರ ಉಳಿದವರೆಲ್ಲರ ಹೆಗಲಿಗೆ ಬಿತ್ತು. ಬರ್ನ್ ಒಪ್ಪಂದ ಕೇಳುವುದೂ 50 ಅಷ್ಟೇ.

ಕಿಕ್ಕೇರಿಯ ಮದುವೆಯಲ್ಲಿ ಈ ಪದ್ಯಗಳನ್ನು ಹಾಡಬಹುದು, ಶಾಲೆಯಲ್ಲಿ ಮಕ್ಕಳು ಹೇಳಬಹುದು. ಊರಿನ ಯುವಕರ ಸಂಘ ಹತ್ತು ಪದ್ಯ ಆರಿಸಿ ಕಿರುಪುಸ್ತಕ ಅಚ್ಚು ಹಾಕಿ ಹಂಚಬೇಕಾದರೆ ಅನುಮತಿ ಬೇಕು. ‘ಮಲ್ಲಿಗೆ’ಯಾದರೂ ಅಂಗಡಿಯಲ್ಲಿ ಸಿಗುತ್ತದೆ ಬಿಡಿ. ಮರುಮುದ್ರಣವೇ ಕಾಣದ ಲೇಖಕರ ಗತಿ? ಹಕ್ಕು ಯಾವ ಮೊಮ್ಮಗನ ಹತ್ತಿರ ಇದೆಯೋ ಯಾರಿಗೂ ಗೊತ್ತಿರುವುದಿಲ್ಲ. ಅಚ್ಚು ಹಾಕುವವರಿಗೆ ಭಯ, ಪುಸ್ತಕಕ್ಕೆ ಗೆದ್ದಲು. ಯಾರ ಜೇಬಿಗೂ ಒಂದು ರೂಪಾಯಿ ಬರುವುದಿಲ್ಲ.

2014ರಲ್ಲಿ ನಿರಂಜನರ ಮನೆಯವರು ಅವರ ಕೃತಿಗಳನ್ನು, ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ದೊಡ್ಡ ಮನಸ್ಸು. ಆದರೆ ಎಲ್ಲ ವಾರಸುದಾರರೂ ಹಾಗೇ ಮಾಡಲಿ ಎಂದು ಕಾಯುವುದಾಗುವುದಿಲ್ಲ. ಅವಧಿಯನ್ನು ಮತ್ತೆ 50ಕ್ಕೆ ಇಳಿಸಲಿ. ಹತ್ತು ವರ್ಷ ಅಚ್ಚಿನಲ್ಲೇ ಇಲ್ಲದ ಪುಸ್ತಕವನ್ನು ಸ್ಕ್ಯಾನ್ ಮಾಡಿ ಓದಲು ಕೊಡುವ ಅಧಿಕಾರ ತಾಲ್ಲೂಕು ಗ್ರಂಥಾಲಯಕ್ಕೆ ಸಿಗಲಿ; ವಾರಸುದಾರರು ಬಂದು ಕೇಳಿದ ದಿನ ರಾಯಲ್ಟಿ ಕೊಟ್ಟರಾಯಿತು.