ಕರೆದವನೊಬ್ಬ, ಬೆಂದವಳೊಬ್ಬಳು

"ಭಾನುವಾರ ಮನೆ ಕಡೆ ಬನ್ನಿ, ಅಲ್ಲೇ ಊಟ" ಎಂದು ಗಂಡಸು ಕಾಫಿ ಅಂಗಡಿಯ ಮುಂದೆ ನಿಂತು ಹೇಳಿಬಿಡುತ್ತಾನೆ. ಮನೆಯಲ್ಲಿ ರಾಗಿಹಿಟ್ಟು ಎಷ್ಟಿದೆ, ಸಿಲಿಂಡರ್ ಮುಗಿಯಲು ಬಂದಿದೆಯೇ, ಹೆಂಡತಿ ಮುಟ್ಟಿನ ಹೊಟ್ಟೆನೋವಿನಲ್ಲಿದ್ದಾಳೆಯೇ, ಯಾವುದೂ ಅವನಿಗೆ ಗೊತ್ತಿರುವುದಿಲ್ಲ. ತಿಳಿದುಕೊಳ್ಳಬೇಕೆಂದೂ ಅನ್ನಿಸುವುದಿಲ್ಲ. ಅವಳಿಗೆ ಸುದ್ದಿ ಮುಟ್ಟುವುದು ಶನಿವಾರ ರಾತ್ರಿ, ಪಾತ್ರೆ ತೊಳೆದು ಸೆರಗಿಗೆ ಕೈ ಒರೆಸಿಕೊಳ್ಳುವ ಹೊತ್ತಿಗೆ. "ಎಂಟತ್ತು ಜನ ಆಗಬಹುದು. ಜಾಸ್ತಿ ಏನೂ ಬೇಡ. ಹಿತಕಿದ ಬೇಳೆ ಸಾರು, ಮುದ್ದೆ, ಒಂದಿಷ್ಟು ಪಾಯಸ ಮಾಡಿಬಿಡು."

ಬೇಳೆ ಹಿತಕಿ ಗೊತ್ತಿದ್ದವರ ಬಾಯಲ್ಲಿ ಈ ಮಾತು ಬರುವುದಿಲ್ಲ. ಅವರೆಕಾಯಿ ಸುಲಿಯಬೇಕು, ಕಾಳನ್ನು ನೀರಿಗೆ ಹಾಕಿ ನೆನೆಯಲು ಬಿಡಬೇಕು, ಬೆಳಗಿನ ಜಾವ ಎದ್ದು ಒಂದೊಂದೇ ಕಾಳನ್ನು ಬೆರಳ ನಡುವೆ ಒತ್ತಿ ಸಿಪ್ಪೆಯಿಂದ ಬೇಳೆ ಜಾರಿಸಬೇಕು. ಹತ್ತು ಜನರ ಸಾರಿಗಾಗುವಷ್ಟು ಬೇಳೆ ಬೀಳುವ ಹೊತ್ತಿಗೆ ಉಗುರಿನ ಸಂದು ಉರಿಯುತ್ತದೆ. ಆಮೇಲೆ ಮಸಾಲೆ ರುಬ್ಬಬೇಕು, ಎಸರಿಡಬೇಕು, ಕೋಲು ಹಿಡಿದು ಮುದ್ದೆ ತೊಳಸಬೇಕು. ಉಂಡವರು ಕೈ ತೊಳೆದು ಬಂದು "ಏನ್ ಊಟ ಹಾಕಿಸಿದ್ರಿ ಸಾರ್!" ಎಂದು ಹೇಳುವುದು ಅವನಿಗೆ. ಸೋಫಾದಲ್ಲಿ ಕೂತ ಅವನು ಆ ಹೊಗಳಿಕೆಯನ್ನು ತನ್ನದೆಂದೇ ತೆಗೆದುಕೊಳ್ಳುತ್ತಾನೆ. ಇದು ಕಳ್ಳತನ. ಇದಕ್ಕೆ ಬೇರೆ ಸೌಮ್ಯವಾದ ಹೆಸರನ್ನು ನಾನು ಹುಡುಕುವುದಿಲ್ಲ.

ಕೇಂದ್ರ ಸರ್ಕಾರವೇ 2019ರಲ್ಲಿ ಜನರ ದಿನದ ಹೊತ್ತು ಎಲ್ಲಿ ಕಳೆಯುತ್ತದೆಂದು ಸಮೀಕ್ಷೆ ಮಾಡಿಸಿತು. ಕೂಲಿಯಿಲ್ಲದ ಮನೆಗೆಲಸಕ್ಕೆ ಆಗ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಆ 97 ಕೂಡ ಕೆಲಸಕ್ಕೆ ಕೈ ಹಾಕಿದ ಗಂಡಸರ ಲೆಕ್ಕ ಮಾತ್ರ. ಹಾಗೆ ಕೈ ಹಾಕಿದವರು ನೂರಕ್ಕೆ 26 ಮಂದಿ. ಉಳಿದವರು ಆ ದಿನ ಒಂದು ಲೋಟವನ್ನೂ ಎತ್ತಿಡಲಿಲ್ಲ. ಇದು ಸಾಧಾರಣ ದಿನದ ಕತೆ. ನೆಂಟರು ಬರುವ ದಿನದ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ.

ನನ್ನ ಹೆಚ್ಚಿನ ಸಿಟ್ಟು ನಮ್ಮವರ ಮೇಲೆಯೇ. ಸಮಾನತೆಯ ಬಗ್ಗೆ ಪುಟಗಟ್ಟಲೆ ಬರೆದ ಗೆಳೆಯರು ನಡುಮನೆಯಲ್ಲಿ ಕೂತು ಸ್ತ್ರೀವಾದ ಚರ್ಚಿಸುವಾಗ, ಅವರ ಹೆಂಡತಿಯರು ಒಳಗೆ ಒಗ್ಗರಣೆಯ ಹೊಗೆಯಲ್ಲಿ ಕೆಮ್ಮುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಚರ್ಚೆ ಬಿಸಿಯೇರಿದಾಗ "ಇನ್ನೊಂದ್ ರೌಂಡ್ ಕಾಫಿ" ಎಂದು ಒಳಗೆ ಕೂಗು ಹೋಗುತ್ತದೆ. ಆ ಹೆಂಗಸಿಗೂ ಅಭಿಪ್ರಾಯವಿದೆ, ಅವರು ಚರ್ಚಿಸುವ ಪುಸ್ತಕವನ್ನು ಅವಳೂ ಓದಿದ್ದಾಳೆ. ಎಲ್ಲರ ಊಟ ಮುಗಿದ ಮೇಲೆ ಅವಳು ತಳ ಹಿಡಿದ ಅನ್ನಕ್ಕೆ ಉಳಿದ ಸಾರು ಬಿಟ್ಟುಕೊಂಡು ನಿಂತೇ ಉಣ್ಣುತ್ತಾಳೆ. ಅಷ್ಟರಲ್ಲಿ ಮಾತು ಮುಗಿದಿರುತ್ತದೆ, ಬಂದವರು ಚಪ್ಪಲಿ ಮೆಟ್ಟುತ್ತಿರುತ್ತಾರೆ.

ಉಣಿಸುವುದರಲ್ಲಿ ಸುಖವಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಮದ್ದೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಮಳೆಗೆ ನೆನೆದು ಬಂದವರನ್ನು ನಮ್ಮವ್ವ ಹೆಸರು ಕೇಳುವ ಮೊದಲೇ ಮಣೆ ಹಾಕಿ ಕೂರಿಸುತ್ತಿದ್ದಳು. ಬಿಸಿ ಮುದ್ದೆ, ಉಪ್ಪೆಸರು, ಮೇಲೆ ಹಸಿಮೆಣಸಿನಕಾಯಿ ಖಾರ. ಹಸಿದವರು ಮೊದಲ ತುತ್ತು ನುಂಗುವಾಗ ಮುಖದಲ್ಲಿ ಬರುವ ನಿರಾಳ ನೋಡಿ ಅವಳ ಮುಖವೂ ಅರಳುತ್ತಿತ್ತು. ನನಗೂ ಆ ಸುಖ ಬೇಕು. ಗೆಳತಿಯರೆಲ್ಲ ನೆಲಕ್ಕೆ ಕೂತು ಒಬ್ಬಳು ಈರುಳ್ಳಿ ಹೆಚ್ಚಿ, ಇನ್ನೊಬ್ಬಳು ಕೋಳಿ ತೊಳೆದು, ಮತ್ತೊಬ್ಬಳು ಸುಮ್ಮನೆ ಹಾಡಿಕೊಂಡು, ಕೊನೆಗೆ ಎಲ್ಲರೂ ಒಟ್ಟಿಗೆ ಉಂಡ ರಾತ್ರಿಗಳು ನನಗೆ ಬದುಕುವ ಬಲ ಕೊಟ್ಟಿವೆ. ಆ ಸುಖ ಮಾಡಿದವಳ ಕೈಗೂ ದಕ್ಕಬೇಕು ಎಂಬುದು ನನ್ನ ಹಕ್ಕೊತ್ತಾಯ.

ಇನ್ನು ಬಂದವರು ಯಾರು ಎಂದು ಕೇಳೋಣ. ಊಟಕ್ಕೆ ಕರೆದವರ ಹೆಸರುಗಳನ್ನು ಬರೆದು ನೋಡಿ. ಬಹುಪಾಲು ಮನೆಗಳಲ್ಲಿ ಅದು ಒಂದೇ ಜಾತಿಯ ಪಟ್ಟಿ, ಹೆಚ್ಚೆಂದರೆ ಅಕ್ಕಪಕ್ಕದ ಎರಡು ಜಾತಿಯದು. ಆಫೀಸಿನಲ್ಲಿ ಇಪ್ಪತ್ತು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತ ದಲಿತ ಸಹೋದ್ಯೋಗಿ ಆ ಪಟ್ಟಿಯಲ್ಲಿ ಇರುವುದಿಲ್ಲ. ಗೃಹಪ್ರವೇಶಕ್ಕೆ ಕಾರ್ಡ್ ಕೊಟ್ಟರೂ ಶಾಮಿಯಾನದ ಕೆಳಗೆ ಅಡುಗೆ ಭಟ್ಟರ ಊಟ ಹಾಕಿಸಿ ಕಳಿಸುತ್ತಾರೆ, ಮನೆಯ ಅಡುಗೆಕೋಣೆಯವರೆಗೆ ಕರೆಯುವುದಿಲ್ಲ. ಹಳ್ಳಿಯ ಹೋಟೆಲಿನಲ್ಲಿ ಪ್ರತ್ಯೇಕ ಲೋಟವಿಟ್ಟರೆ ಕೇಸು ಹಾಕಬಹುದು. ಪಟ್ಟಣದ ಮನೆಯಲ್ಲಿ ಕೆಲವರಿಗೆ ಸ್ಟೀಲ್ ತಟ್ಟೆ, ಕೆಲವರಿಗೆ ಬಳಸಿ ಬಿಸಾಡುವ ಪೇಪರ್ ತಟ್ಟೆ ಕೊಟ್ಟರೆ ಯಾರೂ ಕೇಳುವುದಿಲ್ಲ. ಕೇಳಿದರೆ "ತೊಳೆಯುವ ಕಷ್ಟ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಷ್ಟ ತೊಳೆಯುವುದಾದರೆ ಎಲ್ಲರಿಗೂ ಪೇಪರ್ ತಟ್ಟೆಯನ್ನೇ ಕೊಡಬೇಕಿತ್ತು.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು, 15ನೇ ವಿಧಿ ಹೋಟೆಲಿನ ಬಾಗಿಲು ತೆರೆಸಿತು. ಮನೆಯ ಊಟಕ್ಕೆ ಯಾರನ್ನು ಕರೆಯಬೇಕೆಂದು ಯಾವ ಕಾನೂನೂ ಹೇಳಲಾರದು. ಅದಕ್ಕೇ ಜಾತಿ ಹಿಂದೆ ಸರಿದು ಸರಿದು ಅಡುಗೆಮನೆಗೆ ಬಂದು ಚಿಲಕ ಹಾಕಿಕೊಂಡಿದೆ. 2011-12ರಲ್ಲಿ ದೇಶದ 42,000ಕ್ಕೂ ಹೆಚ್ಚು ಮನೆಗಳಲ್ಲಿ ನಡೆದ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ ನೇರವಾಗಿಯೇ ಕೇಳಿತು: ನಿಮ್ಮ ಮನೆಯಲ್ಲಿ ಅಸ್ಪೃಶ್ಯತೆ ಆಚರಿಸುತ್ತೀರಾ? ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ, ಪಾತ್ರೆ ಬಳಸಿದರೆ ತೊಂದರೆಯೇ? ಸುಮಾರು ನೂರಕ್ಕೆ 27 ಮನೆಗಳು ಒಂದಲ್ಲ ಒಂದು ರೀತಿಯಲ್ಲಿ ಹೌದು ಎಂದವು. ಗೊತ್ತಿಲ್ಲದವರ ಮುಂದೆ ಒಪ್ಪಿಕೊಂಡವರೇ ಇಷ್ಟು.

ಕಲ್ಯಾಣದ ಹೆಸರು ಹೇಳಿಕೊಂಡು ಎದೆಯುಬ್ಬಿಸುವ ನಾಡು ಇದು. ದಲಿತ ಶರಣ ಸಂಬೋಳಿ ನಾಗಿದೇವನ ಮನೆಯಲ್ಲಿ ಉಂಡರೆಂದು ಬಸವಣ್ಣನವರ ಮೇಲೆ ರಾಜ ಬಿಜ್ಜಳನಿಗೆ ದೂರು ಹೋದ ಕತೆಯನ್ನು ಜಯಂತಿಯ ವೇದಿಕೆಗಳಲ್ಲಿ ಹೇಳುತ್ತೇವೆ. ಅದೇ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ದಾಸೋಹ ನಡೆಸಿದ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬಾ ಎಂದು ಕಳಿಸಿದಳು. ಎಷ್ಟು ಬೇಯಿಸಬೇಕು, ಯಾವ ಅಕ್ಕಿ ಒಲೆಗೆ ಏರಬೇಕು ಎಂಬ ತೀರ್ಮಾನ ಅವಳದಾಗಿತ್ತು. ಇಂದು ಅವಳ ವಚನ ಬಾಯಿಪಾಠ ಮಾಡಿದವರ ಮನೆಯಲ್ಲೇ ಒಲೆ ಮುಂದಿನವಳಿಗೆ ತೀರ್ಮಾನದ ಹಕ್ಕಿಲ್ಲ. ರಾಜಕಾರಣಿಗಳಂತೂ ದಲಿತರ ಕೇರಿಯ ಊಟವನ್ನು ಕ್ಯಾಮೆರಾ ಮುಂದಿನ ಕಾರ್ಯಕ್ರಮ ಮಾಡಿಕೊಂಡರು. 2017ರಲ್ಲಿ ಚಿತ್ರದುರ್ಗದಲ್ಲಿ ದಲಿತರ ಮನೆಗೆ ಹೋದವರಿಗೆ ಹೋಟೆಲಿನ ಇಡ್ಲಿ ಬಂತೆಂದು ಪತ್ರಿಕೆಗಳು ಬರೆದವು. ಆ ಮನೆಯ ತಾಯಿ ಬೇಯಿಸಿದ್ದನ್ನು ಉಣ್ಣಲು ಹೋಗದಿದ್ದರೆ ಹೋಗುವುದೇ ಬೇಡ.

ಸಹಭೋಜನದಿಂದಲೇ ಜಾತಿ ಸಾಯುವುದಿಲ್ಲವೆಂದು ಅಂಬೇಡ್ಕರ್ 1936ರಲ್ಲೇ ಬರೆದರು, ಅಂತರ್ಜಾತಿ ಮದುವೆಯೇ ನಿಜವಾದ ಮದ್ದೆಂದರು. ಅವರು ಸಾಲದು ಎಂದ ಆ ಮೊದಲ ಹೆಜ್ಜೆಯನ್ನೂ ನಾವು ಇಷ್ಟು ವರ್ಷವಾದರೂ ಇಟ್ಟಿಲ್ಲ.

ಆದ್ದರಿಂದ ಊಟಕ್ಕೆ ಕರೆಯುವ ಗಂಡಸರಲ್ಲಿ ನೇರವಾಗಿ ಕೇಳುತ್ತೇನೆ. ಕರೆಯುವ ಮುನ್ನ ಅಡುಗೆ ಮಾಡುವವರನ್ನು ಕೇಳಿ. ಕರೆದ ಮೇಲೆ ಅವರೆ ನೀವೇ ಹಿತಕಿ, ಕೋಲು ನೀವೇ ಹಿಡಿಯಿರಿ, ಪಾತ್ರೆ ನೀವೇ ತಿಕ್ಕಿ. ಹೆಂಡತಿಯನ್ನು ಪಂಕ್ತಿಯಲ್ಲಿ ಕೂರಿಸಿ ಬಡಿಸಿ. ಇಷ್ಟು ದಿನ ಕರೆಯದವರನ್ನು ಮನೆಯ ತಟ್ಟೆಯಲ್ಲೇ ಉಣ್ಣಲು ಕರೆಯಿರಿ. ಅವರು ತಿರುಗಿ ಕರೆದಾಗ ಕೆಲಸದ ನೆಪ ಹೇಳಬೇಡಿ, ಹೋಗಿ. ಅವರ ಒಲೆಯ ಮೇಲೆ ಏನು ಬೆಂದಿದೆಯೋ ಅದನ್ನು ಉಂಡು ಬನ್ನಿ.