ರೆಫ್ಯೂಸ್ ಮಾಡಿದ್ದು ಯಾರು?

ಸೋಮವಾರ ಬೆಳಿಗ್ಗೆ ಪ್ರಾಜೆಕ್ಟ್ ರಿವ್ಯೂ. ಭಾನುವಾರ ಸಂಜೆ ಯಲಹಂಕ ನ್ಯೂ ಟೌನ್‌ನ ಪಿ.ಜಿ.ಯಲ್ಲಿ ಕೂತು, ವಿಪಿಎನ್ ಹಾಕಿ, ಲ್ಯಾಬ್‌ನ ಜಿಪಿಯು ಮೆಷಿನ್‌ಗೆ ಎಸ್‌ಎಸ್‌ಎಚ್ ಮಾಡಿದ್ರೆ ‘ಕನೆಕ್ಷನ್ ರೆಫ್ಯೂಸ್ಡ್’. ಶುಕ್ರವಾರದ ತನಕ ಸರಿಯಾಗೇ ಇತ್ತು. ಗ್ರೂಪಿಗೆ ಮೆಸೇಜ್ ಹಾಕಿದ್ದೇ ತಡ, ಸಲಹೆಗಳ ಸುರಿಮಳೆ: ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡು, ವಿಪಿಎನ್ ತೆಗೆದು ಮತ್ತೆ ಹಾಕು, ಫೈರ್‌ವಾಲ್ ಆಫ್ ಮಾಡು, ಹಾಟ್‌ಸ್ಪಾಟ್‌ನಲ್ಲಿ ನೋಡು. ಎಲ್ಲಾ ಮಾಡಿದ್ವಿ. ರಾತ್ರಿ ಹನ್ನೊಂದಾಯ್ತು, ಮೆಸ್ ಊಟಾನೂ ತಪ್ಪಿತು.

ಬೆಳಿಗ್ಗೆ ಲ್ಯಾಬ್ ಇನ್‌ಸ್ಟ್ರಕ್ಟರ್ ಸ್ಕ್ರೀನ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ರೆಫ್ಯೂಸ್ ಅಂತಿದೆಯಲ್ರೀ, ಮಾಡಿದ್ದು ಯಾರು?”

ನಮಗೆ ಹೊಳೆದೇ ಇರಲಿಲ್ಲ. ‘ಟೈಮ್ಡ್ ಔಟ್’ ಅಂದ್ರೆ ಬಾಗಿಲು ತಟ್ಟಿದ್ರೂ ಒಳಗಿಂದ ಸದ್ದಿಲ್ಲ. ಮೆಷಿನ್ ಆಫ್ ಆಗಿರಬಹುದು, ದಾರಿ ಕಡಿದಿರಬಹುದು, ಇಲ್ಲಾ ಫೈರ್‌ವಾಲ್ ನಮ್ಮ ಪ್ಯಾಕೆಟ್ ನುಂಗಿ ಸುಮ್ಮನಿರಬಹುದು. ‘ರೆಫ್ಯೂಸ್ಡ್’ ಅಂದ್ರೆ ಸಾಮಾನ್ಯವಾಗಿ ಆ ವಿಳಾಸದಲ್ಲಿ ಒಂದು ಮೆಷಿನ್ ಎಚ್ಚರವಾಗಿದೆ. ನಮ್ಮ ಸಿನ್‌ಗೆ ರೀಸೆಟ್ ಕಳಿಸಿ ‘22ನೇ ಪೋರ್ಟ್‌ನಲ್ಲಿ ಯಾರೂ ಇಲ್ಲ’ ಅಂತಿದೆ. ಅಂದ್ರೆ ನಮ್ಮ ಲ್ಯಾಪ್‌ಟಾಪು, ವಿಪಿಎನ್ನು, ಪಿ.ಜಿ. ವೈಫೈ ಯಾವುದರದ್ದೂ ತಪ್ಪಿರಲಿಲ್ಲ. ಶನಿವಾರ ಕರೆಂಟ್ ಹೋಗಿ ಬಂದಾಗ ಲ್ಯಾಬ್ ರೂಟರ್ ಯಾರಿಗೆ ಯಾವ ಐಪಿ ಕೊಟ್ಟಿದ್ದೆ ಅನ್ನೋ ಲೆಕ್ಕ ಮರೆತು, ಜಿಪಿಯು ಮೆಷಿನ್ನಿನ ವಿಳಾಸವನ್ನ ಪ್ರಿಂಟರ್‌ಗೆ ಕೊಟ್ಟಿತ್ತು. ಇಡೀ ಸಂಜೆ ನಾವು ಪ್ರಿಂಟರ್‌ಗೆ ಲಾಗಿನ್ ಆಗೋಕೆ ಒದ್ದಾಡಿದ್ವಿ!

ವೈವಾದಲ್ಲಿ ಥ್ರೀ-ವೇ ಹ್ಯಾಂಡ್‌ಶೇಕ್ ಕೇಳಿದ್ರೆ ನಿದ್ದೆಗಣ್ಣಲ್ಲೂ ಹೇಳ್ತೀವಿ. ಅದೇ ಹ್ಯಾಂಡ್‌ಶೇಕ್ ಮುರಿದು ಕಣ್ಣೆದುರು ಬಂದಾಗ ಗುರುತೇ ಸಿಗಲ್ಲ. ಇದಕ್ಕೆ ನಮ್ಮ ಲ್ಯಾಬ್‌ಗಳೂ ಕಾರಣ ಅನ್ನೋದು ನನ್ನ ವಾದ. ರೆಕಾರ್ಡ್‌ನಲ್ಲಿ ಬಂದ ಔಟ್‌ಪುಟ್ ಮಾತ್ರ ಬರೀತೀವಿ. ಬರದೇ ಇದ್ದದ್ದಕ್ಕೆ ಅಲ್ಲಿ ಪುಟಾನೇ ಇಲ್ಲ. ಹಾಗಾಗಿ ಕೆಟ್ಟಾಗ ಎಲ್ಲಿ ಕೆಟ್ಟಿದೆ ಅಂತ ಹುಡುಕಲ್ಲ, ಕೈಗೆ ಸಿಕ್ಕಿದ್ದನ್ನ ಬದಲಾಯಿಸ್ತೀವಿ. ಅದು ಬರೀ ಟೈಮ್ ವೇಸ್ಟ್ ಆದ್ರೆ ಪರವಾಗಿಲ್ಲ. ನನ್ನ ರೂಮ್‌ಮೇಟ್ ಅವತ್ತು ಆಫ್ ಮಾಡಿದ ಫೈರ್‌ವಾಲ್ ಎರಡು ವಾರ ಹಾಗೇ ಇತ್ತು, ಅದೂ ಇಡೀ ಪಿ.ಜಿ. ಹಂಚಿಕೊಳ್ಳೋ ವೈಫೈನಲ್ಲಿ. ರಿಮೋಟ್ ಡೆಸ್ಕ್‌ಟಾಪ್‌ಗೆ ಅಂತ 3389 ಪೋರ್ಟನ್ನ ಇಂಟರ್ನೆಟ್‌ಗೇ ತೆರೆದಿಡೋರೂ ಇದ್ದಾರೆ. 2019ರಲ್ಲಿ ಬ್ಲೂಕೀಪ್ ದೋಷ ಹೊರಬಂದಾಗ ಪ್ಯಾಚ್ ಹಾಕದ ಹಳೇ ವಿಂಡೋಸ್‌ಗಳಿಗೆ ಪಾಸ್‌ವರ್ಡ್ ಇಲ್ಲದೇನೇ ನುಗ್ಗಬಹುದಿತ್ತು. (ಅಂದಹಾಗೆ, ಪಿ.ಜಿ. ರೂಟರ್‌ನ ಹೊರಗಿನ ಐಪಿ 100.64ರಿಂದ 100.127ರೊಳಗೆ ಶುರುವಾದ್ರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ. ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಮಾಡಿದ್ರೂ ಕೆಲಸ ಮಾಡಲ್ಲ.)

ಯಶವಂತಪುರ ದಾಟಿದ್ರೆ ಪೀಣ್ಯ, ಅಲ್ಲಿ ಇಸ್ರೋದ ಇಸ್ಟ್ರಾಕ್. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಕ್ರಮ್ ಲ್ಯಾಂಡರ್ ಚಂದ್ರನಿಂದ 2.1 ಕಿ.ಮೀ. ಎತ್ತರ ತಲುಪಿದ ಮೇಲೆ ಸಂಪರ್ಕ ಕಡಿದದ್ದು ನಮಗೆಲ್ಲ ನೆನಪಿದೆ. ಕಡಿದದ್ದು ರೇಡಿಯೋ ಕೊಂಡಿ. ಆದ್ರೆ ಇಸ್ರೋ ಕಾರಣ ಕಂಡಿದ್ದು ರೇಡಿಯೋದಲ್ಲಲ್ಲ, ಎಂಜಿನ್‌ಗಳ ತಳ್ಳುಬಲ ಲೆಕ್ಕಕ್ಕಿಂತ ಹೆಚ್ಚಾಗಿ ತಪ್ಪುಗಳು ಕೂಡಿಕೊಂಡಿದ್ದರಲ್ಲಿ. ಅದಕ್ಕೇ ಚಂದ್ರಯಾನ-3ರಲ್ಲಿ 500 ಮೀಟರ್ ಚೌಕದ ಇಳಿದಾಣ 4 ಕಿ.ಮೀ.ಗೆ 2.5 ಕಿ.ಮೀ. ಆಯ್ತು, ಕಾಲುಗಳು ಗಟ್ಟಿಯಾದವು. ‘ಏನೇನು ಕೆಡಬಹುದು’ ಅಂತ ಮೊದಲೇ ಪಟ್ಟಿ ಮಾಡಿ ವಿನ್ಯಾಸ ಮಾಡಿದ್ವಿ ಅಂತ ಆಗಿನ ಅಧ್ಯಕ್ಷ ಸೋಮನಾಥ್ ವಿವರಿಸಿದ್ರು.

ನಮಗೆ ಅಷ್ಟೆಲ್ಲ ಬೇಡ. ಪ್ರತಿ ಸೆಮಿಸ್ಟರ್ ನೆಟ್‌ವರ್ಕ್ಸ್ ಲ್ಯಾಬ್‌ನಲ್ಲಿ ಒಂದು ದಿನ, ಇನ್‌ಸ್ಟ್ರಕ್ಟರ್ ಹೇಳದೇ ಏನಾದ್ರೂ ಕೆಡಿಸಿಡಲಿ: ಕೇಬಲ್ ಕಿತ್ತಿಡಲಿ, ಸರ್ವೀಸ್ ನಿಲ್ಲಿಸಲಿ, ಐಪಿ ಬದಲಿಸಲಿ. ನಾವು ಹುಡುಕಿ ರೆಕಾರ್ಡ್‌ನಲ್ಲಿ ಬರೀತೀವಿ, ಮಾರ್ಕ್ಸ್ ಅದಕ್ಕೇ ಕೊಡಲಿ.

ಜಿಪಿಯು ಮೆಷಿನ್‌ಗೆ ಈಗ ಐಪಿ ಖಾಯಂ ಮಾಡಿದ್ದಾರೆ, ಮಾನಿಟರ್ ಮೇಲೆ ಚೀಟಿ ಅಂಟಿಸಿದ್ದಾರೆ. ನಮ್ಮ ರಿವ್ಯೂ ಮಾತ್ರ ಹಳೇ ಸ್ಕ್ರೀನ್‌ಶಾಟ್‌ಗಳಲ್ಲೇ ಮುಗೀತು.