‘ಎಂಜಿನ್ ಬಿಚ್ಚೇ ಇಲ್ಲ’ ಅಂದರೆ ಹಿಗ್ಗಬೇಡಿ, ಟೈಮಿಂಗ್ ಚೈನ್ ಹಾಕಿಸಿ

ಮೊನ್ನೆ ಸಂಜೆ ಪಕ್ಕದ ಕೇರಿಯ ಹುಡುಗ ಸೆಕೆಂಡ್ ಹ್ಯಾಂಡ್ ಬೈಕೊಂದನ್ನು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದ. ಹುಬ್ಬಳ್ಳಿಯಿಂದ ತಂದದ್ದಂತೆ. ಟ್ಯಾಂಕ್ ಪಳಪಳ ಹೊಳೀತಾ ಇತ್ತು, ಟಯರ್ ಎರಡೂ ಹೊಸದು. "ಭಾವಾ, ಒಂದೇ ಕೈ ಗಾಡಿ. ಎಂಜಿನ್ ಇವತ್ತಿನವರೆಗೆ ಬಿಚ್ಚಿದ್ದೇ ಇಲ್ಲೆ" ಅಂದ. ಮುಖದಲ್ಲಿ ಗೆದ್ದುಬಂದ ಖುಷಿ.

ಮೂರು ವರ್ಷದ ಹಿಂದೆ ಇದೇ ಮಾತು ಕೇಳಿ ನಾನೂ ಹೀಗೇ ಹಿಗ್ಗಿದ್ದೆ. ಅದಕ್ಕೇ ಇವತ್ತು ಇಷ್ಟುದ್ದ ಬರೀತಾ ಇದ್ದೇನೆ. ಮಳೆ ಹಿಡಿಯುವುದಕ್ಕೆ ಇನ್ನೂ ದಿನ ಇದೆ, ಹಳೆ ಗಾಡಿ ಇಟ್ಟುಕೊಂಡವರು ಓದಿ.

ನನ್ನದು 100 ಸಿಸಿ ಗಾಡಿ. ಕಂಪನಿ ಹೆಸರು ಬೇಡ, ಯಾಕೆಂದರೆ ಈ ಕಥೆ ಹೆಚ್ಚಿನ ಎಲ್ಲ ಸಣ್ಣ ಫೋರ್ ಸ್ಟ್ರೋಕ್ ಗಾಡಿಗೂ ಹೊಂದುತ್ತದೆ. ತಂದ ವರ್ಷವೇ ಫೆಬ್ರವರಿಯಲ್ಲಿ ಆಯಿಲ್ ಬದಲಿಸಲು ಹೋದಾಗ ನಮ್ಮ ಮೆಕ್ಯಾನಿಕ್ ಕಿವಿಕೊಟ್ಟು ಕೇಳಿ ಹೇಳಿದ್ದ, "ಟೈಮಿಂಗ್ ಚೈನ್ ಮಾತಾಡ್ತಾ ಇದೆ ಹೆಗಡೇರೇ. ಕಿಟ್ ಹಾಕಿಬಿಡುವಾ, ಕೂಲಿ ಸೇರಿ 1,700 ಆಗ್ತದೆ." ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷ ಕರಕರ ಅನ್ನೋದು, ಆಮೇಲೆ ಸುಮ್ಮನಾಗೋದು. ಓಡ್ತಾ ಇದೆಯಲ್ಲ, ಅಡಿಕೆ ಕೊಟ್ಟ ಮೇಲೆ ನೋಡುವಾ ಅಂದೆ. ಅಡಿಕೆಯೂ ಕೊಟ್ಟಾಯ್ತು, ಚೈನ್ ನೆನಪೇ ಆಗಲಿಲ್ಲ.

ಜುಲೈನಲ್ಲಿ ಪುಷ್ಯ ಮಳೆ. ಎರಡನೇ ಔಷಧಿ ಹೊಡೆಯುವ ಹೊತ್ತು ಆಗಿಹೋಗಿತ್ತು, ಆರು ದಿನ ಬಿಡದೇ ಸುರಿದಿತ್ತು. ಏಳನೇ ದಿನ ಹೊಳವು. ಔಷಧಿ ಹೊಡೆಯುವವನನ್ನು ಕಾಡಿಬೇಡಿ ಕರೆಸಿದೆ. ಆ ದಿನ ಮೇಲಿನ ಅರ್ಧ ತೋಟ ಮುಗೀತು. ರಾತ್ರಿ ನೋಡಿದರೆ ಉಳಿದ ಅರ್ಧಕ್ಕೆ ಮೈಲುತುತ್ತು ಸಾಲುವುದಿಲ್ಲ. ಮರುದಿನ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಶಿರಸಿಗೆ ಹೋಗಿ ಎಂಟು ಕೆಜಿ ತುತ್ತು ಕಟ್ಟಿಕೊಂಡು ಹೊರಟೆ. ಕಾನಸೂರು ಇನ್ನೂ ದೂರ ಇರುವಾಗಲೇ ಒಂದು ಏರಿನಲ್ಲಿ ಟಕ್ ಅಂತ ಶಬ್ದ, ಗಾಡಿ ಬಂದ್. ಕಿಕ್ ಹೊಡೆದರೆ ಕಾಲಿಗೆ ಭಾರವೇ ಇಲ್ಲ, ಗಾಳಿಗೆ ಒದ್ದ ಹಾಗೆ ಕೆಳಗೆ ಹೋಗ್ತದೆ. ಗೊತ್ತಿದ್ದವರಿಗೆ ಅಷ್ಟು ಸಾಕು, ವಾಲ್ವ್ ಹೋಯ್ತು ಅಂತಲೇ ಅರ್ಥ.

ಗಾಡಿ ರಸ್ತೆ ಬದಿಗೆ ತಳ್ಳಿ, ಯಾರದೋ ಪಿಕಪ್ ಹತ್ತಿ, ಮುಖ್ಯ ರಸ್ತೆಯಿಂದ ಮನೆ ತನಕ ತುತ್ತು ಹೊತ್ತು ನಡೆದು ಬರುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ. ಕೆಲಸದವರು ಮೂರು ಜನ ಚಾ ಕುಡಿದು ಕೂತಿದ್ದರು. ಸುಣ್ಣ ಕದಡಿ, ತುತ್ತು ಕರಗಿಸಿ ಮುಗಿಯುವ ಹೊತ್ತಿಗೆ ಮಳೆ ಬಂತು. ಮುಂದಿನ ಹೊಳವು ಬಂದದ್ದು ಹನ್ನೊಂದು ದಿನದ ಮೇಲೆ. ಆಗ ಕೆಳಗಿನ ತೋಟದಲ್ಲಿ ಮರದ ಬುಡಕ್ಕೆಲ್ಲ ಕೊಳೆ ಅಡಿಕೆ.

ಹಳ್ಳದ ಬದಿಯ ತೋಟಕ್ಕೆ ಹೇಗೂ ಕೊಳೆ ಜಾಸ್ತಿ, ಆ ದಿನ ಹೊಡೆದಿದ್ದರೂ ಸ್ವಲ್ಪ ಬರುತ್ತಿತ್ತು ಅಂತ ಇಟ್ಟುಕೊಳ್ಳಿ. ಆದರೂ ಅಷ್ಟು ಬರುತ್ತಿರಲಿಲ್ಲ. ಮೇಲಿನ ಅರ್ಧ ಚೆನ್ನಾಗೇ ಉಳೀತು. ಗಾಡಿ ರಿಪೇರಿಗೆ 7,400 ಆಯ್ತು. ಟೆನ್ಷನರ್ ರೋಲರಿನ ರಬ್ಬರ್ ಒಡೆದು, ಸಡಿಲಾದ ಚೈನ್ ಹಲ್ಲು ಹಾರಿ, ವಾಲ್ವ್ ಬಗ್ಗಿ, ಪಿಸ್ಟನ್ ತಲೆಗೆ ಪೆಟ್ಟು ಬಿದ್ದಿತ್ತು. ಅಡಿಕೆಯ ಲೆಕ್ಕ ನಾನು ಬರೆಯುವುದಿಲ್ಲ, ನೀವೇ ಅಂದಾಜು ಮಾಡಿಕೊಳ್ಳಿ.

ನನಗೆ ನಾಚಿಕೆ ಆದದ್ದು ದುಡ್ಡಿಗಲ್ಲ. ಹಿಂದೆ ಕಟ್ಟಿಕೊಂಡಿದ್ದು ರೋಗ ಬರುವ ಮುಂಚೆ ಹೊಡೆಯುವ ಔಷಧಿ. ಅದನ್ನು ಹೊತ್ತ ಗಾಡಿಗೆ ಮಾತ್ರ ‘ಹಾಳಾದ ಮೇಲೆ ನೋಡುವಾ’ ಅಂದಿದ್ದೆ.

ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಕೊಳೆರೋಗದ ಮೇಲೆ ತಮ್ಮ ವರದಿ ತಂದದ್ದು 1910ರಲ್ಲಿ. ನೂರು ವರ್ಷದ ಮೇಲಾಯ್ತು. ಕೊಟ್ಟೆ ಕಟ್ಟುವುದು ಅದಕ್ಕಿಂತಲೂ ಹಳೇದು. ಕೊಳೆ ಬಂದ ಮೇಲೆ ಬೋರ್ಡೋ ಹೊಡೆದರೆ ಬಿದ್ದ ಕಾಯಿ ಮತ್ತೆ ಕೊನೆಗೆ ಹತ್ತುವುದಿಲ್ಲ ಅಂತ ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನೂರು ಲೀಟರಿಗೆ ಒಂದು ಕೆಜಿ ತುತ್ತು, ಒಂದು ಕೆಜಿ ಸುಣ್ಣ, ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಯಾವ ಮರಕ್ಕೆ ಕೊಳೆ ಬರ್ತದೆ ಅಂತ ಗೊತ್ತಿಲ್ಲದಿದ್ದರೂ ಎಲ್ಲ ಮರಕ್ಕೂ ಹೊಡೀತೇವೆ. ಅಷ್ಟು ತಿಳಿದವರು ನಾವು, ಗಾಡಿ ವಿಷಯಕ್ಕೆ ಬಂದರೆ ‘ಓಡೋ ತನಕ ಓಡ್ಲಿ’ ಅಂತೇವೆ.

ಈ ರೂಢಿ ನಮಗೆ ಟೂ ಸ್ಟ್ರೋಕ್ ಗಾಡಿಗಳ ಕಾಲದಲ್ಲಿ ಬಂತು ಅಂತ ನನ್ನ ಅನಿಸಿಕೆ. ರಾಜದೂತ್, ಲೂನಾ, 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100, ಇವುಗಳಲ್ಲಿ ವಾಲ್ವೂ ಇಲ್ಲ, ಟೈಮಿಂಗ್ ಚೈನೂ ಇಲ್ಲ. ಆಯಿಲ್ ಪೆಟ್ರೋಲ್ ಜತೆ ಸುಟ್ಟುಹೋಗುತ್ತಿತ್ತು, ಅಂದರೆ ಎಂಜಿನ್ನಿಗೆ ದಿನಾ ಹೊಸ ಆಯಿಲ್. ಅದೇ 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದು ಫೋರ್ ಸ್ಟ್ರೋಕ್ ಗಾಡಿ ಮನೆಮನೆಗೆ ಬರಲು ಶುರುವಾಯ್ತು. ಮೈಲೇಜ್ ನೋಡಿ ನಾವೆಲ್ಲ ಬದಲಾದೆವು, ಅಭ್ಯಾಸ ಬದಲಾಗಲಿಲ್ಲ. ಫೋರ್ ಸ್ಟ್ರೋಕಿನಲ್ಲಿ ಒಂದು ಲೀಟರೂ ಇಲ್ಲದ ಅದೇ ಆಯಿಲ್ ಸಾವಿರಾರು ಕಿಲೋಮೀಟರ್ ಸುತ್ತಬೇಕು. ಆ ಆಯಿಲಿನಲ್ಲೇ ಟೈಮಿಂಗ್ ಚೈನ್ ಬದುಕಬೇಕು.

ಚೈನಿನ ಕೆಲಸ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಕೆಳಗೆ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಮೇಲೆ ಹೆಡ್ಡಿನಲ್ಲಿ ಕ್ಯಾಮ್ ಒಂದು ಸುತ್ತು ತಿರುಗಬೇಕು, ಆ ಲೆಕ್ಕದಲ್ಲೇ ವಾಲ್ವ್ ತೆರೆದು ಮುಚ್ಚಬೇಕು. ಎರಡನ್ನೂ ಕಟ್ಟಿಹಾಕಿದ್ದು ಈ ಚೈನ್. ಅದು ರಬ್ಬರಿನ ಹಾಗೆ ಎಳೆದುಕೊಳ್ಳುವುದಲ್ಲ, ಒಂದೊಂದು ಕೊಂಡಿಯ ಪಿನ್ ಕೂದಲೆಳೆಯಷ್ಟು ಸವೆದು ಎಲ್ಲ ಸೇರಿ ಚೈನ್ ಉದ್ದ ಆಗ್ತದೆ. ಸಡಿಲಾದದ್ದನ್ನು ಟೆನ್ಷನರ್ ಒತ್ತಿ ಹಿಡೀತದೆ. ಅದರ ಒತ್ತು ಮುಗಿದರೆ, ರೋಲರ್ ಗಟ್ಟಿಯಾಗಿ ಒಡೆದರೆ, ಚೈನ್ ಹಲ್ಲು ಹಾರ್ತದೆ. ತೆರೆದ ವಾಲ್ವಿಗೆ ಪಿಸ್ಟನ್ ಬಂದು ಹೊಡೆದರೆ ನನ್ನ ಕಥೆಯೇ.

ಬಯಲುಸೀಮೆಯ ಗಾಡಿಗಿಂತ ನಮ್ಮ ಗಾಡಿಗೆ ಕಷ್ಟ ಜಾಸ್ತಿ. ಮನೆಯಿಂದ ಡೇರಿಗೆ ಹಾಲು, ಡೇರಿಯಿಂದ ಮನೆ, ಒಂದೆರಡು ಕಿಲೋಮೀಟರ್. ಮಳೆಗಾಲದ ಥಂಡಿಯಲ್ಲಿ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಒಳಗಿನ ನೀರಿನ ಪಸೆ ಆರುವುದಿಲ್ಲ, ಆಯಿಲ್ ಕೆಡ್ತದೆ. ದೇವಿಮನೆ, ದೊಡ್ಮನೆ, ಅರಬೈಲು ಯಾವ ಘಟ್ಟವಾದರೂ ಹತ್ತುವಾಗ ಎರಡನೇ ಗೇರಿನಲ್ಲಿ ಕಿರುಚಿಸಲೇಬೇಕು. ಹಿಂದೆ ಹಿಂಡಿ ಚೀಲವೋ ಗೊಬ್ಬರವೋ ಇದ್ದೇ ಇರ್ತದೆ. ಹುಬ್ಬಳ್ಳಿಯಲ್ಲಿ ಐದು ವರ್ಷ ಸುಮ್ಮನೆ ಓಡಿದ ಚೈನ್ ಇಲ್ಲಿಗೆ ಬಂದ ಮೊದಲ ಮಳೆಗಾಲಕ್ಕೇ ಬಾಯಿ ಬಿಡಲಿಕ್ಕೆ ಸಾಕು.

ಈಗ ‘ಎಂಜಿನ್ ಬಿಚ್ಚೇ ಇಲ್ಲ’ ಅನ್ನುವ ಮಾತನ್ನು ಮತ್ತೊಮ್ಮೆ ಕೇಳಿ. ಮಾರುವವನು ಅದನ್ನು ಗಾಡಿಯ ಗುಣ ಅಂತ ಹೇಳ್ತಾನೆ. ಕೊಳ್ಳುವವನು ಕೇಳಿಸಿಕೊಳ್ಳಬೇಕಾದದ್ದು ‘ಟೈಮಿಂಗ್ ಚೈನ್ ಇವತ್ತಿನವರೆಗೆ ಬದಲಾಗಿಲ್ಲ’ ಅಂತ. ಮೀಟರಿನಲ್ಲಿರುವ ಕಿಲೋಮೀಟರ್ ನಂಬುವ ಹಾಗಿಲ್ಲ, ಆಯಿಲ್ ಎಷ್ಟು ಸಲ ಹಾಕಿದ್ದಾರೆ ಗೊತ್ತಿಲ್ಲ. ಶಬ್ದ ಅಡಗಿಸಲು ದಪ್ಪ ಆಯಿಲ್ ಹಾಕಿ ಮಾರುವವರೂ ಇದ್ದಾರೆ.

ಇದಕ್ಕೆ ಎದುರು ಮಾತು ಇದೆ, ಅದನ್ನೂ ಹೇಳಬೇಕು. ನಮ್ಮ ಊರಿನ ಹಿರಿಯರೊಬ್ಬರು ಯಾವಾಗಲೂ ಹೇಳ್ತಾರೆ, "ಕಂಪನಿ ಜೋಡಿಸಿದ್ದನ್ನು ಬಿಚ್ಚಿದರೆ ಮತ್ತೆ ಹಾಗೆ ಕೂರೂದಿಲ್ಲೆ." ಅರ್ಧ ಸತ್ಯ. ಹೊಗೆ ಇಲ್ಲದ, ಎಳೆತ ಇರುವ ಎಂಜಿನ್ನಿನ ಬೋರ್ ಪಿಸ್ಟನ್ ಸುಮ್ಮನೆ ಬಿಚ್ಚಿಸುವುದು ದಡ್ಡತನ. ನಾನು ಎಲ್ಲವನ್ನೂ ಮುಂಚೆಯೇ ಬದಲಿಸಿ ಅನ್ನುತ್ತಿಲ್ಲ. ಒಂದು ಪಾರ್ಟ್ ಬದಲಿಸುವ ಮೊದಲು ನಾನು ಮೂರು ಪ್ರಶ್ನೆ ಕೇಳಿಕೊಳ್ತೇನೆ. ಹಾಳಾಗುವುದು ಹೊರಗಿಂದ ಕಾಣ್ತದಾ? ಹಾಳಾದರೆ ಬೇರೆಯದನ್ನೂ ಹಾಳು ಮಾಡ್ತದಾ? ದಾರಿಯಲ್ಲಿ ಸರಿ ಮಾಡಲಿಕ್ಕೆ ಆಗ್ತದಾ?

ಕ್ಲಚ್ ಪ್ಲೇಟ್ ತಿಂಗಳುಗಟ್ಟಲೆ ಮುಂಚೆ ಜಾರಿ ಹೇಳ್ತದೆ, ಕಾಯಬಹುದು. ಹೊರಗಿನ ಚೈನ್ ಸ್ಪ್ರಾಕೆಟ್ ಕಣ್ಣಿಗೆ ಕಾಣ್ತದೆ. ಪ್ಲಗ್ ಒಂದು ಡಿಕ್ಕಿಯಲ್ಲಿ ಇಟ್ಟುಕೊಂಡರೆ ಸಾಕು. ಟೈಮಿಂಗ್ ಚೈನ್ ಮಾತ್ರ ಮೂರರಲ್ಲೂ ಫೇಲು. ಒಳಗಿದೆ, ಹೋಗುವಾಗ ವಾಲ್ವ್ ಪಿಸ್ಟನ್ನನ್ನೂ ಕರಕೊಂಡು ಹೋಗ್ತದೆ, ದಾರಿಯಲ್ಲಿ ಏನೂ ಮಾಡಲಾಗದು. ಶಬ್ದ ಮಾಡ್ತದಲ್ಲ ಅನ್ನಬಹುದು. ಮಾಡ್ತದೆ, ಆದರೆ ಹಳೆ ಗಾಡಿಯ ಹತ್ತು ಶಬ್ದದ ನಡುವೆ ಅದೂ ಒಂದಾಗಿ ನಮ್ಮ ಕಿವಿ ಹೊಂದಿಕೊಂಡು ಬಿಡ್ತದೆ.

ಯಾರು ಬಿಡಬಹುದು? ಹೊಸದಾಗಿ ಕೊಂಡು ನೀವೇ ಓಡಿಸಿದ ಗಾಡಿ, ಹೊತ್ತಿಗೆ ಸರಿಯಾಗಿ ಆಯಿಲ್, ಬೆಳಿಗ್ಗೆಯೂ ಶಬ್ದ ಇಲ್ಲ ಅಂದರೆ ಮುಟ್ಟಬೇಡಿ. ಹಳೆ ಬುಲೆಟ್ ಇದ್ದವರಿಗೆ ಈ ಬರಹವೇ ಬೇಡ, ಅದರಲ್ಲಿ ಪುಷ್ ರಾಡ್, ಈ ಚೈನ್ ಇಲ್ಲ. ಹಿಂದಿನದು ಏನೂ ಗೊತ್ತಿಲ್ಲದ ಗಾಡಿಗೆ ಮಾತ್ರ ನನ್ನ ಮಾತು.

ಕೊಳ್ಳಲು ಹೋಗುವವರು ಬೆಳಿಗ್ಗೆಯೇ ಹೋಗಿ, ‘ನಾನು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ’ ಅಂತ ಹೇಳಿ. ತಣ್ಣಗಿನ ಎಂಜಿನ್ ಸುಳ್ಳು ಹೇಳುವುದಿಲ್ಲ. ಶಬ್ದ ಇರಲಿ ಬಿಡಲಿ, ಕಿಟ್ಟಿನ ದುಡ್ಡನ್ನು ಗಾಡಿಯ ಬೆಲೆಯೊಳಗೇ ಲೆಕ್ಕ ಹಿಡಿದು ಚೌಕಾಶಿ ಮಾಡಿ.

ಹಾಕಿಸುವಾಗ ಚೈನ್ ಒಂದನ್ನೇ ಹಾಕಿಸಬೇಡಿ. ಚೈನ್, ಟೆನ್ಷನರ್, ರೋಲರ್ ಅಥವಾ ಗೈಡ್ ಎಲ್ಲ ಒಟ್ಟಿಗೆ ಹೊಸದು ಇರಲಿ, ಕ್ಯಾಮ್ ಮೇಲಿನ ಹಲ್ಲಿನ ಚಕ್ರ ಸವೆದಿದೆಯಾ ನೋಡಲು ಹೇಳಿ. ನನಗೆ ಕೈಕೊಟ್ಟದ್ದು ಚೈನ್ ಅಲ್ಲ, ನೂರಿನ್ನೂರು ರೂಪಾಯಿಯ ರೋಲರ್. ಕಂಪನಿಯ ಸೀಲ್ ಇರುವ ಪ್ಯಾಕೆಟ್ಟೇ ತನ್ನಿ. ಹೊಸ ಆಯಿಲ್ ಹಾಕುವ ಮೊದಲು ಆಯಿಲ್ ಜಾಳಿಗೆ ತೊಳೆಸಿ. ಜೋಡಿಸಿ ಆದ ಮೇಲೆ ಕಿಕ್ ಹೊಡೆಯುವ ಮುಂಚೆ ಮ್ಯಾಗ್ನೆಟ್ ಹಿಡಿದು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಗುರುತು ಸರಿ ಕೂತಿದೆಯಾ ನೋಡಲು ಹೇಳಿ. ಒಳ್ಳೆ ಮೆಕ್ಯಾನಿಕ್ ಹೇಳದಿದ್ದರೂ ಮಾಡ್ತಾನೆ, ಎದುರು ನಿಂತು ನೋಡಿದರೆ ಬೇಸರ ಮಾಡಿಕೊಳ್ಳುವುದೂ ಇಲ್ಲ.

ಮೇ ತಿಂಗಳಲ್ಲಿ ಔಷಧಿ ಪಂಪಿನ ವಾಶರ್, ಪೈಪು ನೋಡ್ತೇವಲ್ಲ, ಅದೇ ವಾರ ಗಾಡಿಯನ್ನೂ ಬಿಡಿ. ಜೂನ್ ಬಂದರೆ ಗ್ಯಾರೇಜಿನಲ್ಲೂ ಸಾಲು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ನಮ್ಮ ಮನೆಗಳು ಬಸ್ ಬರುವ ರಸ್ತೆಯಿಂದ ಎಷ್ಟೋ ಒಳಗೆ. ಹಳ್ಳ ದಾಟಿ, ಏರು ಹತ್ತಿ ಹೋಗುವ ಮನೆಗೆ ಮಳೆಗಾಲದ ರಾತ್ರಿ ಇರುವುದು ಈ ಒಂದೇ ಗಾಡಿ. ನಾನು ಆ ದಿನ ಹೊತ್ತದ್ದು ಎಂಟು ಕೆಜಿ ತುತ್ತು. ಜ್ವರ ಬಂದ ಮಗುವನ್ನೋ ಎದೆನೋವಿನ ಅಪ್ಪನನ್ನೋ ಕೂರಿಸಿಕೊಂಡು ಹೊರಟ ಹೊತ್ತಲ್ಲ ಅಂತ ಈಗಲೂ ಸಮಾಧಾನ ಮಾಡಿಕೊಳ್ತೇನೆ.

ಆ ಹುಡುಗನಿಗೆ ಇಷ್ಟೆಲ್ಲ ಹೇಳಿದೆ. ಮುಖ ಸ್ವಲ್ಪ ಸಣ್ಣ ಮಾಡಿಕೊಂಡ, ಪಾಪ, ಹೊಸ ಗಾಡಿಯ ಖುಷಿಯಲ್ಲಿದ್ದ. ನಿನ್ನೆ ಫೋನ್ ಮಾಡಿದ್ದ. ಚೈನ್ ತೆಗೆದಾಗ ರೋಲರ್ ಕೈಯಲ್ಲೇ ಎರಡು ತುಂಡಾಗಿ ಬಂತಂತೆ.